ತಪ್ಪು ಜೋಲಿಯದಲ್ಲ, ಕಟ್ಟಿದ ರೀತಿಯದು

ಕೊಗನೊಳ್ಳಿಯ ಟೋಲ್ ನಾಕಾ ದಾಟಿ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರದ ಕಾಗಲ್. ಪುಣೆ–ಬೆಂಗಳೂರು ಹೆದ್ದಾರಿಯ ಈ ಗಡಿಯಲ್ಲಿ ರಾತ್ರಿ ವಸ್ತಿ ಮಾಡುವವರು ಬಹಳ. ವರ್ಷವಿಡೀ ಲಾರಿ ಚಾಲಕರು, ಹಂಗಾಮು ಬಂತೆಂದರೆ ಕಬ್ಬು ಕಡಿಯುವ ಗ್ಯಾಂಗಿನವರು, ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟವರು, ಈಚೆಗೆ ಬೈಕಿನ ಮೇಲೆ ಡೇರೆ ಕಟ್ಟಿಕೊಂಡು ಬರುವ ಹುಡುಗರು. ಇವರಲ್ಲಿ ಜೋಲಿ ಕಟ್ಟಿ ಮಲಗುವವರೂ ಇದ್ದಾರೆ, ಜೋಲಿ ಎಂದರೆ ಮೂಗು ಮುರಿಯುವವರೂ ಇದ್ದಾರೆ. ಮೂಗು ಮುರಿಯುವವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಈ ಬರಹದ ಕೆಲಸ. ಅವರು ಹೇಳುವ ನೋವು ಸುಳ್ಳಲ್ಲ, ಆ ನೋವಿಗೆ ಅವರು ಕೊಡುವ ಕಾರಣ ಸುಳ್ಳು.

1. "ಜೋಲಿಯಲ್ಲಿ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ, ಬೆಳಿಗ್ಗೆ ಸೊಂಟ ಹಿಡಿಯುತ್ತದೆ"

ಇದು ಎಲ್ಲರೂ ಹೇಳುವ ಮಾತು. ಬೆನ್ನು ಬಿಲ್ಲಾಗುವುದು ಜೋಲಿಯ ಉದ್ದಕ್ಕೆ, ನಟ್ಟನಡುವೆ ನೇರವಾಗಿ ಮಲಗಿದಾಗ. ಹಾಗೆ ಮಲಗಿದರೆ ಬಟ್ಟೆಯ ಬಾಗು ಎಷ್ಟಿದೆಯೋ ಬೆನ್ನಿನ ಬಾಗೂ ಅಷ್ಟೇ. ಅದನ್ನು ತಪ್ಪಿಸಲು ನಮ್ಮವರು ಹಗ್ಗವನ್ನು ಇನ್ನಷ್ಟು ಜಗ್ಗಿ ಬಿಗಿಯುತ್ತಾರೆ. ಆಗ ಬಟ್ಟೆಯ ಎರಡೂ ಅಂಚು ಎದ್ದು ಭುಜಗಳನ್ನು ಒತ್ತುತ್ತವೆ, ಹೊರಳಲೂ ಆಗುವುದಿಲ್ಲ.

ಪರಿಹಾರ ಇದಕ್ಕೆ ತದ್ವಿರುದ್ಧ. ಜೋಲಿಯನ್ನು ಸಡಿಲ ಬಿಡಬೇಕು, ಅದರೊಳಗೆ ಓರೆಯಾಗಿ ಮಲಗಬೇಕು. ತಲೆ ನಡುಗೆರೆಯಿಂದ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ ಸರಿದರೆ ಮೈಯಡಿಯ ಬಟ್ಟೆ ಹರಡಿಕೊಂಡು ಬೆನ್ನು ಬಹುಮಟ್ಟಿಗೆ ಸಮತಟ್ಟಾಗುತ್ತದೆ. ಸಡಿಲವಿಲ್ಲದ ಜೋಲಿಯಲ್ಲಿ ಓರೆಯಾಗಲು ಬಟ್ಟೆಯೇ ಸಾಲದು.

ಸಡಿಲ ಎಷ್ಟು? ಹಗ್ಗವು ನೆಲದ ಮಟ್ಟಕ್ಕೆ ಸುಮಾರು 30 ಡಿಗ್ರಿ ಇಳಿಜಾರಾಗಿರಬೇಕು. ಅಂದರೆ ಮರದಿಂದ ಜೋಲಿಯ ತುದಿಗೆ ಅಡ್ಡ ದೂರ 100 ಸೆಂ.ಮೀ. ಇದ್ದರೆ, ಹಗ್ಗ 58 ಸೆಂ.ಮೀ. ಕೆಳಗಿಳಿದಿರಬೇಕು. ಪ್ರತಿಸಲ ಅಳೆಯುವ ತಾಪತ್ರಯ ಬೇಡವೆಂದರೆ ಜೋಲಿಯ ಎರಡು ತುದಿಗಳ ನಡುವೆ ಖಾಯಂ ಆಗಿ ಒಂದು ತೆಳು ದಾರ ಕಟ್ಟಿಡಿ. ದಾರದ ಉದ್ದ ಬಟ್ಟೆಯ ಉದ್ದದ ನೂರಕ್ಕೆ 83 ಪಾಲು ಇರಲಿ. 3 ಮೀಟರ್ ಬಟ್ಟೆಗೆ ಎರಡೂವರೆ ಮೀಟರ್ ದಾರ. ಮುಂದೆ ಯಾವ ಮರಕ್ಕೆ ಕಟ್ಟಿದರೂ ದಾರ ನೆಟ್ಟಗಾಗುವಷ್ಟೇ ಎಳೆದರೆ ಬಾಗು ತಾನಾಗಿ ಸರಿಹೋಗುತ್ತದೆ. 4 ಮೀಟರ್ ಅಂತರದ ಮರಗಳಿಗೆ ಹಗ್ಗ ಸುತ್ತುವ ಎತ್ತರ ಸುಮಾರು ಐದೂವರೆ ಅಡಿ.

ಕಾಲಿನ ಕಡೆಯ ತುದಿಯನ್ನು ತಲೆಯ ಕಡೆಗಿಂತ ಗೇಣು ಮೇಲಕ್ಕೆ ಕಟ್ಟಿ. ಮೈಯ ಭಾರವೆಲ್ಲ ಸೊಂಟದ ಕಡೆಗಿರುವುದರಿಂದ, ಎರಡೂ ತುದಿ ಸಮ ಇದ್ದರೆ ರಾತ್ರಿಯೆಲ್ಲ ಕಾಲಿನ ಕಡೆಗೆ ಜಾರುತ್ತಿರುತ್ತೀರಿ. ಮೊಣಕಾಲು ಸೆಟೆದಂತಾದರೆ ಅದರ ಕೆಳಗೆ ಮಡಿಸಿದ ಟವೆಲ್ ಸಾಕು.

ಬಟ್ಟೆಯ ಅಗಲವನ್ನೂ ನೋಡಬೇಕು. ಸೀರೆಯ ಅಗಲ ಒಂದು ಮೀಟರಿಗೆ ತುಸು ಹೆಚ್ಚು, ಕೂಸಿಗೆ ಸಾಕು. ಆಳುದ್ದದವನು ಓರೆಯಾಗಲು ಕನಿಷ್ಠ 1.4 ಮೀಟರ್ ಬೇಕು. ಸೀರೆಯಲ್ಲಿ ಮಲಗಿ ಸೊಂಟ ಹಿಡಿದವರು ಜೋಲಿಯನ್ನು ಬೈಯುವ ಮುನ್ನ ಈ ಅಗಲ ಅಳೆಯಲಿ.

2. "ಹಗ್ಗ ಹರಿದು ಬೀಳುತ್ತೇವೆ"

ಹರಿಯುವುದು ಬಿಗಿದ ಹಗ್ಗವೇ. 70 ಕೆ.ಜಿ. ತೂಕದವನು 30 ಡಿಗ್ರಿ ಇಳಿಜಾರಿನ ಜೋಲಿಯಲ್ಲಿ ಮಲಗಿದರೆ ಒಂದೊಂದು ಬದಿಯ ಹಗ್ಗದ ಮೇಲೆ ಬೀಳುವ ಎಳೆತ 70 ಕೆ.ಜಿ. ಅದೇ ಹಗ್ಗವನ್ನು 10 ಡಿಗ್ರಿಗೆ ಬಿಗಿದರೆ ಎಳೆತ 200 ಕೆ.ಜಿ. ದಾಟುತ್ತದೆ, 5 ಡಿಗ್ರಿಗೆ ಬಿಗಿದರೆ 400 ಕೆ.ಜಿ. ಮಲಗಿದವನು ಅವನೇ, ತೂಕವೂ ಅದೇ. ಲಾರಿಯವರಿಗೆ ಲೋಡು ಕಟ್ಟಿ ರೂಢಿ. ಸರಕು ಅಲುಗಬಾರದೆಂದು ಜಗ್ಗಿ ಬಿಗಿಯುವ ಕೈ ಜೋಲಿಗೂ ಅದೇ ಮಾಡುತ್ತದೆ. ಸರಕಿಗೆ ಅದು ಸರಿ, ಜೋಲಿಗೆ ಅಲ್ಲ.

ಮಗುಚಿ ಬೀಳುವ ಭಯ ಇರುವವರು ಎರಡು ವಿಷಯ ನೆನಪಿಡಲಿ. ತುದಿಗಳಲ್ಲಿ ಅಡ್ಡಕೋಲು ಹಾಕಿ ಚಪ್ಪಟೆ ಮಾಡಿದ ಜೋಲಿಗಳು ನೋಡಲು ಚೆಂದ, ಆದರೆ ಬೇಗ ಮಗುಚುತ್ತವೆ. ತುದಿ ಮುದುಡಿ ಕಟ್ಟಿದ ಜೋಲಿ ಮೈಯನ್ನು ಒಳಗಿಳಿಸಿಕೊಳ್ಳುವುದರಿಂದ ಸುಲಭಕ್ಕೆ ಮಗುಚದು. ಎರಡನೆಯದು, ಕೂತಾಗ ಜೋಲಿ ನೆಲದಿಂದ ಒಂದೂವರೆ ಅಡಿಗಿಂತ ಮೇಲಿರಬಾರದು. ಮೊದಲು ನಡುವೆ ಕೂತು, ಭಾರ ಬಿಟ್ಟು ಗಂಟು ನೋಡಿ, ಆಮೇಲೆ ಕಾಲೆತ್ತಬೇಕು.

3. "ಕೆಳಗಿನಿಂದ ಚಳಿ ಹೊಡೆಯುತ್ತದೆ, ಸೊಳ್ಳೆ ಕಚ್ಚುತ್ತದೆ"

ದೂಧಗಂಗೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವ ಜೋಲಿಯಲ್ಲಿ ನಡುಗಿದವರ ಮಾತು ನಿಜ. ಆದರೆ ಅವರು ಮಾಡುವುದೇನು? ದಪ್ಪ ಕೌದಿಯನ್ನು ಮೈಕೆಳಗೆ ಹಾಸಿಕೊಂಡು ಅದರ ಮೇಲೆ ಮಲಗುತ್ತಾರೆ. ಮೈಭಾರಕ್ಕೆ ಕೌದಿ ಅಮುಕಿ ಅದರೊಳಗಿನ ಗಾಳಿ ಹೊರಹೋಗುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಅದೇ ಕೌದಿಯನ್ನು ಜೋಲಿಯ ಹೊರಗೆ, ಬೆನ್ನ ಕೆಳಭಾಗಕ್ಕೆ ತಾಗಿದಂತೆ, ನಾಲ್ಕು ಮೂಲೆಗೆ ದಾರ ಕಟ್ಟಿ ತೂಗುಬಿಡಿ. ಅಮುಕುವುದೂ ಇಲ್ಲ, ಗಾಳಿ ಬೆನ್ನಿಗೆ ತಾಗುವುದೂ ಇಲ್ಲ. ಹೊರನಾಡಿನ ಚಾರಣಿಗರು ಇದಕ್ಕಾಗಿಯೇ ದುಬಾರಿ ಹೊದಿಕೆ ಕೊಳ್ಳುತ್ತಾರೆ. ನಮ್ಮಲ್ಲಿ ಅಜ್ಜಿಯರು ಹೊಲಿದ ಕೌದಿ ಮನೆಮನೆಯಲ್ಲಿದೆ. ತೆಳು ಬಟ್ಟೆಯ ಮೂಲಕ ಕೆಳಗಿನಿಂದ ಕಚ್ಚುವ ಸೊಳ್ಳೆಗೂ ಅದೇ ತಡೆ. ಮೇಲಿನಿಂದ ಬರುವ ಸೊಳ್ಳೆಗೆ, ಮೊದಲು ಹೇಳಿದ ದಾರದ ಮೇಲೆ ಸೊಳ್ಳೆಪರದೆ ಇಳಿಬಿಟ್ಟರಾಯಿತು.

ಚಳಿ–ಸೊಳ್ಳೆ ಎನ್ನುವವರು ನೆಲದ ಅಪಾಯವನ್ನು ಮರೆಯುತ್ತಾರೆ. ಕಟ್ಟುಹಾವು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದಕ್ಕೆ ಅದು ಕುಖ್ಯಾತ. ಕಚ್ಚಿದ ನೋವು ಎಷ್ಟೋ ಸಲ ತಿಳಿಯುವುದೇ ಇಲ್ಲ. ಕಬ್ಬಿನ ಗದ್ದೆಯ ಬದುವಿನಲ್ಲಿ ಚಾಪೆ ಹಾಸುವುದಕ್ಕಿಂತ ನೆಲ ಬಿಟ್ಟು ಮಲಗುವುದು ಎಷ್ಟೋ ಪಾಲು ಕ್ಷೇಮ.

4. "ಮರಕ್ಕೆ ಗಾಯವಾಗುತ್ತದೆ"

ತೆಳು ನೈಲಾನ್ ಹಗ್ಗ ಸುತ್ತಿದರೆ ಆಗುತ್ತದೆ. ಅದು ತೊಗಟೆಯನ್ನು ಕೊರೆದು ಒಳಗಿನ ಜೀವಪದರಕ್ಕೆ ಇಳಿಯುತ್ತದೆ. ಮೊಳೆ ಹೊಡೆಯುವುದಂತೂ ಪಾಪ. ಆದರೆ ಸರಕು ಕಟ್ಟುವ ಅಗಲದ ಪಾಲಿಯೆಸ್ಟರ್ ಪಟ್ಟಿ ಯಾವ ಲಾರಿಯಲ್ಲಿಲ್ಲ? ಒಂದಿಂಚಿಗಿಂತ ಅಗಲದ ಪಟ್ಟಿ ಸುತ್ತಿದರೆ ಒತ್ತಡ ಹರಡಿ ತೊಗಟೆ ಉಳಿಯುತ್ತದೆ. ಬೇವು, ಹುಣಸೆ, ಮಾವು ಒಳ್ಳೆಯ ಮರಗಳು. ಕಾಂಡ ಕನಿಷ್ಠ ಆರು ಇಂಚು ದಪ್ಪ ಇರಲಿ. ನುಗ್ಗೆ ಬೇಡ, ಅದರ ಕಟ್ಟಿಗೆ ಪೆಳಸು. ತೆಂಗು ಬೇಡ, ಮೇಲೆ ಕಾಯಿ ಇದೆ. ಒಣಗಿದ ಟೊಂಗೆ ಇರುವ ಯಾವ ಮರವೂ ಬೇಡ.

5. "ಇದು ಕೂಸುಗಳ ಹಾಸಿಗೆ, ಗತಿಯಿಲ್ಲದವರ ಹಾಸಿಗೆ"

ಈ ಮಾತು ನನ್ನನ್ನು ಹೆಚ್ಚು ನೋಯಿಸುತ್ತದೆ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಲ್ಲಿ ಕಂಡದ್ದು ಜೋಲಿಯಲ್ಲಿ ಮಲಗುವ ಜನರನ್ನು. ಯುರೋಪಿನ ಹಡಗುಗಳು ಅದನ್ನು ಅವರಿಂದ ಕಲಿತವು. ಬ್ರಿಟಿಷ್ ನೌಕಾಪಡೆಯ ನಾವಿಕರು ಶತಮಾನಗಳ ಕಾಲ ಜೋಲಿಯಲ್ಲೇ ನಿದ್ದೆ ಮಾಡಿದರು. ಮೆಕ್ಸಿಕೋದ ಯುಕಾಟಾನ್‌ನಲ್ಲಿ, ಬ್ರೆಜಿಲ್‌ನ ಈಶಾನ್ಯದಲ್ಲಿ ಇಂದಿಗೂ ಮನೆಯೊಳಗೇ ಜೋಲಿ ಕಟ್ಟಿ ಮಲಗುವ ಕುಟುಂಬಗಳಿವೆ.

ತೂಗಾಟದ ಗುಣವನ್ನು ಪ್ರಯೋಗಾಲಯವೂ ಕಂಡಿದೆ. 2011ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 12 ಗಂಡಸರನ್ನು ಮಧ್ಯಾಹ್ನ 45 ನಿಮಿಷ, ಒಮ್ಮೆ ಮೆಲ್ಲಗೆ ತೂಗುವ ಮಂಚದಲ್ಲಿ, ಇನ್ನೊಮ್ಮೆ ತೂಗದ ಮಂಚದಲ್ಲಿ ಮಲಗಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದರು. ತೂಗಿದಾಗ ನಿದ್ದೆ ಬೇಗ ಹತ್ತಿತು, ಬೇಗ ಆಳಕ್ಕಿಳಿಯಿತು. ಅದು ಮಂಚ, ಜೋಲಿಯಲ್ಲ. ಪ್ರಯೋಗವೂ ಚಿಕ್ಕದು. ಆದರೆ ತೂಗಾಟ ಕೂಸಿಗಷ್ಟೇ ಎನ್ನುವ ವಾದ ಅಲ್ಲಿಗೆ ಮುಗಿಯಿತು.

6. "ಈಗ ಎ.ಸಿ. ಕ್ಯಾಬಿನ್ ಬಂದಿದೆ, ಜೋಲಿ ಯಾಕೆ?"

2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಒಳ್ಳೆಯ ನಿಯಮ. ಆದರೆ ಅದು ಹೊಸ ಲಾರಿಗಳಿಗೆ. ರಸ್ತೆಯ ಮೇಲಿರುವ ಹಳೆಯ ಲಾರಿಗಳಿಗೆ ಅದು ಅನ್ವಯಿಸದು. ಏಪ್ರಿಲ್ ತಿಂಗಳ ರಾತ್ರಿ ಎಂಜಿನ್ ಆರಿಸಿದ ಕ್ಯಾಬಿನ್ನಿನ ಧಗೆಯಲ್ಲಿ ಹೊರಳಾಡಿದವನು ಬೆಳಿಗ್ಗೆ ಸ್ಟೀರಿಂಗ್ ಹಿಡಿಯುತ್ತಾನೆ. ಅವನ ನಿದ್ದೆಗೇಡು ಎದುರಿನಿಂದ ಬರುವ ಪ್ರತಿಯೊಬ್ಬರ ಅಪಾಯ.

ಎದುರಾಳಿಗಳ ಮಾತು ಸರಿಯಾದ ಕಡೆ

ನಾಲ್ಕು ಕಡೆ ಅವರ ಮಾತು ಸರಿ. ನಿಂತ ಲಾರಿಯ ಕೆಳಗೆ ಚಾಸಿಗೆ ಜೋಲಿ ಕಟ್ಟುವ ರೂಢಿ ಅಪಾಯಕಾರಿ. ಗಾಡಿ ಉರುಳಬಹುದು, ಅಡಿಯಲ್ಲಿ ಆಳಿರುವುದು ಗೊತ್ತಿಲ್ಲದೆ ಯಾರಾದರೂ ಸ್ಟಾರ್ಟ್ ಮಾಡಬಹುದು. ಕೈಬಿಡಬೇಕಾದದ್ದು ಆ ಜಾಗವನ್ನು. ಬೋರಲು ಮಲಗದೆ ನಿದ್ದೆ ಬಾರದವರಿಗೆ ಜೋಲಿ ಒಗ್ಗದು. ಬೆನ್ನುಹುರಿಯ ಚಿಕಿತ್ಸೆಯಲ್ಲಿರುವವರು ವೈದ್ಯರ ಮಾತು ಕೇಳಲಿ. ಇನ್ನು ಕೂಸುಗಳು: ಎಳೆಗೂಸಿಗೆ ಸಮತಟ್ಟಾದ ಗಟ್ಟಿ ಹಾಸಿಗೆಯೇ ಸುರಕ್ಷಿತ ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ಗದ್ದೆಯಲ್ಲಿ ಬೇರೆ ದಾರಿಯಿಲ್ಲದೆ ಜೋಲಿ ಕಟ್ಟುವ ತಾಯಂದಿರು ಕೂಸನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಲಿ. ದೊಡ್ಡ ಮಕ್ಕಳು ಅದರಲ್ಲಿ ಒಬ್ಬರೇ ಆಡದಂತೆ ನೋಡಿಕೊಳ್ಳಲಿ, ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ.

ಇಷ್ಟು ಬಿಟ್ಟರೆ ಉಳಿದ ಆರೋಪಗಳು ಜೋಲಿಗೆ ತಾಗುವುದಿಲ್ಲ. ಇವತ್ತು ರಾತ್ರಿ ಜೋಲಿ ಕಟ್ಟುವವರಲ್ಲಿ ನನ್ನ ವಿನಂತಿ: ಹಗ್ಗ ಸಡಿಲಿಸಿ, ಓರೆಯಾಗಿ ಮಲಗಿ, ಕೌದಿಯನ್ನು ಹೊರಗೆ ಕಟ್ಟಿ, ಆಮೇಲೆ ತೀರ್ಪು ಕೊಡಿ. ಹೆದ್ದಾರಿಯ ಬದಿ ಲಾರಿ ನಿಲ್ದಾಣ ಕಟ್ಟುವವರಲ್ಲೂ ಒಂದು ವಿನಂತಿ: ನೆರಳಿನ ಶೆಡ್ಡಿನಡಿ ನಾಲ್ಕು ಮೀಟರಿಗೊಂದರಂತೆ ಗಟ್ಟಿ ಕಬ್ಬಿಣದ ಕಂಬ ನೆಡಿಸಿ. ಚಾಲಕರು ಲಾರಿಯಡಿಯಿಂದ ಎದ್ದು ಬಂದು ಅಲ್ಲಿ ಮಲಗುತ್ತಾರೆ.