128 ಜಿಬಿ ಫೋನಿನಲ್ಲಿ ಕಾಣೆಯಾದ ಜಾಗ: ಕಂಪನಿ ಬಚ್ಚಿಟ್ಟಿದೆಯೇ?

'ಕಂಪನಿಯವರು ನಿಮ್ಮ ಫೋನಿನಲ್ಲಿ ಜಾಗ ಬಚ್ಚಿಟ್ಟಿದ್ದಾರೆ, ಈ ಆ್ಯಪ್ ಹಾಕಿಕೊಂಡರೆ ವಾಪಸ್ ಸಿಗುತ್ತದೆ' ಎಂಬ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. 128 ಜಿಬಿ ಎಂದು ಕೊಂಡ ಫೋನಿನಲ್ಲಿ ಅಷ್ಟೂ ಜಾಗ ಬಳಕೆಗೆ ಸಿಗುವುದಿಲ್ಲ ಎಂಬುದು ನಿಜ. ಆದರೆ ಅದು ಮೋಸವಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಒಂದು, ಎಣಿಕೆಯ ವ್ಯತ್ಯಾಸ. ತಯಾರಕರ ಲೆಕ್ಕದಲ್ಲಿ 1 ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ ಕಂಪ್ಯೂಟರ್ ಸುಮಾರು 107 ಕೋಟಿ ಬೈಟ್‌ಗಳನ್ನು 1 ಜಿಬಿ ಎನ್ನುತ್ತದೆ. ಆ ಲೆಕ್ಕದಲ್ಲಿ 128 ಜಿಬಿ ಎಂಬುದು ಸುಮಾರು 119 ಆಗುತ್ತದೆ. ಒಂದು ಬೈಟೂ ಕಳೆದಿರುವುದಿಲ್ಲ.

ಎರಡು, ಪಾರ್ಟಿಷನ್, ಅಂದರೆ ಮೆಮೊರಿಯ ವಿಭಾಗ. ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಕರ್ನೆಲ್ ಮೇಲೆ. ಫೋನಿಗೆ ತುಂಬುವ ಸಾಫ್ಟ್‌ವೇರ್‌ನ ಸಿದ್ಧ ಪ್ರತಿಗೆ 'ಇಮೇಜ್' ಎನ್ನುತ್ತಾರೆ. ಅದನ್ನು ತಯಾರಿಸುವಾಗಲೇ ಯಾವುದಕ್ಕೆ ಎಷ್ಟು ಜಾಗ ಎಂದು ಗಡಿ ಹಾಕಿರುತ್ತಾರೆ. 'ಬೂಟ್' ಫೋನನ್ನು ಚಾಲೂ ಮಾಡುತ್ತದೆ. 'ಸಿಸ್ಟಮ್'ನಲ್ಲಿ ಆಂಡ್ರಾಯ್ಡ್ ಇರುತ್ತದೆ. 'ವೆಂಡರ್'ನಲ್ಲಿ ಕ್ಯಾಮೆರಾ, ಚಿಪ್ ಮುಂತಾದವನ್ನು ನಡೆಸುವ ಸಾಫ್ಟ್‌ವೇರ್ ಇರುತ್ತದೆ. ನಿಮ್ಮ ಫೋಟೊ, ಆ್ಯಪ್, ವಾಟ್ಸ್‌ಆ್ಯಪ್ ವಿಡಿಯೊಗಳು ಕೂರುವುದು 'ಯೂಸರ್‌ಡೇಟಾ'ದಲ್ಲಿ.

ಹೀಗೇಕೆ? ನೀವು ಎಷ್ಟೇ ವಿಡಿಯೊ ತುಂಬಿದರೂ ಅವು ಸಿಸ್ಟಮ್‌ನ ಜಾಗವನ್ನು ಒತ್ತುವರಿ ಮಾಡಬಾರದು. ಆ ಭಾಗವನ್ನು ಓದಬಹುದು, ಆದರೆ ಸಾಮಾನ್ಯ ಆ್ಯಪ್‌ಗಳು ಅದರಲ್ಲಿ ಏನನ್ನೂ ಬರೆಯಲಾರವು. 2016ರ ಆಂಡ್ರಾಯ್ಡ್ 7ರಿಂದ ಕೆಲವು ಫೋನ್‌ಗಳಲ್ಲಿ ಮುಖ್ಯ ವಿಭಾಗಗಳು ಜೋಡಿಯಾಗಿರುತ್ತವೆ. ಒಂದು ಕೆಲಸ ಮಾಡುತ್ತಿರುವಾಗ ಇನ್ನೊಂದಕ್ಕೆ ಅಪ್‌ಡೇಟ್ ಇಳಿಯುತ್ತದೆ. ಹೊಸದು ಕೈಕೊಟ್ಟರೆ ಫೋನ್ ಹಳೆಯದರಿಂದಲೇ ಏಳುತ್ತದೆ. 2019ರ ಆಂಡ್ರಾಯ್ಡ್ 10ರಿಂದ ಈ ಗಡಿಗಳನ್ನು ಅಪ್‌ಡೇಟ್ ಸಮಯದಲ್ಲಿ ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆಯೂ ಬಂದಿದೆ.

ಹಾಗಾದರೆ ಆ ಆ್ಯಪ್ ಏನು ಮಾಡುತ್ತದೆ? ಸಾಮಾನ್ಯ ಆ್ಯಪ್‌ಗೆ ಪಾರ್ಟಿಷನ್ ಮುಟ್ಟುವ ಅಧಿಕಾರವೇ ಇಲ್ಲ. ಗಡಿ ಬದಲಿಸಬೇಕಾದರೆ ಮೊದಲು ಬೂಟ್‌ಲೋಡರ್ ಬೀಗ ತೆಗೆಯಬೇಕು. ಹಾಗೆ ಮಾಡಿದರೆ ಸಾಮಾನ್ಯವಾಗಿ ಯೂಸರ್‌ಡೇಟಾ ಪೂರ್ತಿ ಅಳಿಸಿಹೋಗುತ್ತದೆ. ಮುಂದೆ ಒಂದು ಹೆಜ್ಜೆ ತಪ್ಪಿದರೂ ಫೋನ್ ಆನ್ ಆಗದೇ ಇರಬಹುದು. ಜಾಗ ಕೊಡುತ್ತೇನೆಂದು ಬರುವ ಆ್ಯಪ್ ನಿಮ್ಮ ಎಸ್ಎಂಎಸ್ ಓದಲು ಅನುಮತಿ ಕೇಳಿದರೆ ಅದರ ಕಣ್ಣು ಒಟಿಪಿ ಮೇಲಿರಬಹುದು.

ಫ್ಯಾಕ್ಟರಿ ರೀಸೆಟ್ ಮಾಡಿದರೂ ಖಾಲಿಯಾಗುವುದು ನಿಮ್ಮ ಭಾಗ ಮಾತ್ರ. ಸಿಸ್ಟಮ್ ಹಿಡಿದಿರುವ ಜಾಗ ಹಾಗೆಯೇ ಉಳಿಯುತ್ತದೆ.

ನಿಜವಾಗಿ ಜಾಗ ಬೇಕಿದ್ದರೆ ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ವಿಭಾಗ ತೆರೆಯಿರಿ. ಹತ್ತಾರು ಗುಂಪುಗಳಿಂದ ಬಂದು ಕುಳಿತ ಒಂದೇ ವಿಡಿಯೊದ ಪ್ರತಿಗಳು ಅಲ್ಲಿ ಸಿಗುತ್ತವೆ. ಮೊದಲು ಅವನ್ನು ಅಳಿಸಿ.