ಎರಡು ತಂತಿಗಳ ಮಾತುಕತೆ

ಇಸ್ತ್ರಿಪೆಟ್ಟಿಗೆ ಸಾಕಷ್ಟು ಕಾದೊಡನೆ ಅದರ ಕೆಂಪುದೀಪ ತಾನಾಗಿಯೇ ಆರುತ್ತದೆ. ಶಾಖ ತುಸು ಇಳಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಇದು ಥರ್ಮೋಸ್ಟಾಟಿನ ಕೆಲಸ. ನೆದರ್ಲೆಂಡ್ಸ್‌ನಂಥ ಚಳಿಯ ನಾಡಿನಲ್ಲಿ ಇದೇ ಸಾಧನ ಗೋಡೆಯ ಮೇಲೆ ಕುಳಿತು ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಅದರ ಅಪ್ಪಣೆಯಂತೆ ಅನಿಲದ ಬಾಯ್ಲರ್ ನೀರು ಕಾಯಿಸುತ್ತದೆ; ಬಿಸಿನೀರು ಕೊಳವೆಗಳಲ್ಲಿ ಹರಿದು, ಕೋಣೆ ಕೋಣೆಯ ರೇಡಿಯೇಟರುಗಳನ್ನು ಸುತ್ತಿ ಮರಳುತ್ತದೆ.

ಹಳೆಯ ಥರ್ಮೋಸ್ಟಾಟಿಗೆ ಬರುತ್ತಿದ್ದುದು ಎರಡೇ ಮಾತು: ‘ಉರಿ’, ‘ನಿಲ್ಲು’. ಇದರಲ್ಲಿ ನಷ್ಟವಿದೆ. ಅನಿಲ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಆವಿ ಹಾಗೆಯೇ ಹೊಗೆಕೊಳವೆ ಸೇರಿದರೆ ಅದರ ಗುಪ್ತೋಷ್ಣವೂ ಗಾಳಿಯ ಪಾಲು. ಇಂದಿನ ಬಾಯ್ಲರುಗಳು ಆ ಆವಿಯನ್ನು ಒಳಗೇ ತಣಿಸಿ ನೀರಾಗಿಸಿ ಶಾಖವನ್ನು ಹಿಂದಕ್ಕೆ ಪಡೆಯಬಲ್ಲವು. ಆದರೆ ಮನೆ ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. (ಗುಪ್ತೋಷ್ಣ ಇರುವುದು ಪರೀಕ್ಷೆಗೆ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬಹುದು.) ಆದ್ದರಿಂದ ಬಾಯ್ಲರಿಗೆ ‘ಉರಿ’ ಎಂದರೆ ಸಾಲದು, ‘ನೀರು ಇಷ್ಟೇ ಬಿಸಿಯಾಗಲಿ’ ಎನ್ನಬೇಕು.

ಹಾಗೆ ಹೇಳಲು ಬೇಕಾದ ಭಾಷೆಗಳಲ್ಲೊಂದು ‘ಓಪನ್‌ಥರ್ಮ್’. 1996ರಲ್ಲಿ ಇದು ಕೇವಲ ಒಂದು ಬ್ರಿಟಿಷ್ ಪೌಂಡಿಗೆ ತಯಾರಕರ ಸಂಘವೊಂದರ ಕೈಸೇರಿತು. ಇದಕ್ಕೆ ಎರಡು ತಂತಿ ಸಾಕು. ಥರ್ಮೋಸ್ಟಾಟ್ ವೋಲ್ಟೇಜನ್ನು ಏರಿಳಿಸಿ ಕೇಳುತ್ತದೆ, ಬಾಯ್ಲರ್ ವಿದ್ಯುತ್ ಪ್ರವಾಹವನ್ನು ಏರಿಳಿಸಿ ಉತ್ತರಿಸುತ್ತದೆ. ಸುಮಾರು ಸೆಕೆಂಡಿಗೊಮ್ಮೆ ನಡೆಯುವ ಈ ಮಾತುಕತೆಯಲ್ಲಿ ಪ್ರತಿ ಸಂದೇಶದ ಉದ್ದ 32 ಬಿಟ್.

ಈ ಪಿಸುಮಾತು ಮನೆಯ ಕಂಪ್ಯೂಟರಿಗೆ ತಿಳಿಯದು. ಅದಕ್ಕಾಗಿ ತಂತಿಗಳ ನಡುವೆ ‘ಗೇಟ್‌ವೇ’ ಎಂಬ ದುಭಾಷಿಯನ್ನು ಕೂರಿಸುತ್ತಾರೆ. ಅದು ಎರಡೂ ಕಡೆಯ ಮಾತನ್ನು ಕೇಳಿ ದಾಟಿಸುತ್ತದೆ, ಕಂಪ್ಯೂಟರಿಗೂ ಒಪ್ಪಿಸುತ್ತದೆ. ಕಂಪ್ಯೂಟರ್ ಬಯಸಿದರೆ ನಡುವೆ ತನ್ನದೊಂದು ಮಾತನ್ನೂ ಸೇರಿಸುತ್ತದೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಉಚಿತ ತಂತ್ರಾಂಶಕ್ಕೆ ಇದನ್ನು ಜೋಡಿಸಬಹುದು. ಕಿಟಕಿ ತೆರೆದಿದ್ದರೆ ಅಥವಾ ಮನೆಮಂದಿಯೆಲ್ಲ ಹೊರಗೆ ಹೋಗಿದ್ದರೆ ಬಿಸಿ ತಗ್ಗಿಸು ಎಂದು ಅದಕ್ಕೆ ಮೊದಲೇ ಹೇಳಿಡಬಹುದು.

ಆ ಕಂಪ್ಯೂಟರ್ ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಅಮೆರಿಕದಲ್ಲಿ ‘ರಿವಾಲ್ವ್’ ಎಂಬ ಪೆಟ್ಟಿಗೆ ಮನೆಯ ದೀಪ, ಬೀಗ, ಥರ್ಮೋಸ್ಟಾಟುಗಳನ್ನು ಒಂದುಗೂಡಿಸುತ್ತಿತ್ತು. 2014ರಲ್ಲಿ ಅದನ್ನು ಕೊಂಡ ನೆಸ್ಟ್ ಕಂಪನಿ 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಸುಮಾರು 300 ಡಾಲರ್ ತೆತ್ತವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ. 2025ರ ಅಕ್ಟೋಬರ್ 25ರಂದು ನೆಸ್ಟ್‌ನ ಮೊದಲೆರಡು ಪೀಳಿಗೆಯ ಥರ್ಮೋಸ್ಟಾಟುಗಳಿಗೂ ಗೂಗಲ್ ಕಂಪನಿಯ ಬೆಂಬಲ ನಿಂತಿತು. ಗೋಡೆಯ ಮೇಲೆ ಅವು ಕೆಲಸ ಮಾಡುತ್ತವೆ. ಮೊಬೈಲಿನ ಆ್ಯಪ್‌ಗೆ ಮಾತ್ರ ಓಗೊಡುವುದಿಲ್ಲ.

ಮನೆಯೊಳಗೇ ಇರುವ ಗೇಟ್‌ವೇಗೆ ದೂರದೂರಿನ ಯಾರ ಅನುಮತಿಯೂ ಬೇಕಿಲ್ಲ. ಮನೆಯ ಕಂಪ್ಯೂಟರೇ ಕೆಟ್ಟರೂ ಅದು ಮಾತು ದಾಟಿಸುತ್ತಲೇ ಇರುತ್ತದೆ. ಅಜ್ಜಿಗೆ ಚಳಿಯಾದರೆ ಎದ್ದುಹೋಗಿ ಗೋಡೆಯ ತಿರುಗುಗುಂಡಿಯನ್ನು ಕೈಯಿಂದಲೇ ತಿರುಗಿಸಬಹುದು.