ಹಾರೈಕೆಗೆ ಕನ್ನಡ, ಲೆಕ್ಕಕ್ಕೆ ಇಂಗ್ಲಿಷ್!



ಮೊನ್ನೆ ನಮ್ಮ ಬಳಗದ ಹುಡುಗನೊಬ್ಬ ಎರಡು ಕಾಗದ ತಂದು ನಮ್ಮ ಮೇಜಿನ ಮೇಲೆ ಇಟ್ಟ. ಎರಡೂ ಒಬ್ಬರೇ ಎಂ.ಎಲ್.ಎ. ಹೆಸರಿನಲ್ಲಿ ಬಂದಿದ್ದವು. ಒಂದು, ಅವರ ಹಿಂಬಾಲಕರು ಬಸ್ ಸ್ಟಾಪಿನಲ್ಲಿ ಹಂಚಿದ ಕರಪತ್ರ. ನಡುವೆ ಕೈ ಮುಗಿದು ನಿಂತ ಶಾಸಕರು, ಸುತ್ತಲೂ ಮರಿ ಪುಢಾರಿಗಳ ಮುಖಗಳು, ಕೆಳಗೆ ‘ಕ್ಷೇತ್ರದ ಸಮಸ್ತ ಜನತೆಗೆ ಹಬ್ಬದ ಹಾರ್ದಿಕ ಶುಭಾಶಯಗಳು’. ಅಚ್ಚಗನ್ನಡ! ಇನ್ನೊಂದು, ಅದೇ ಕ್ಷೇತ್ರದ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹಂಚಿದ ನುಣುಪು ಕಾಗದದ ಪುಸ್ತಿಕೆ. ಯಾವ ರಸ್ತೆಗೆ ಎಷ್ಟು ಹಣ, ಯಾವ ಕೆರೆಗೆ ಯಾವ ಯೋಜನೆ, ಸರ್ಕಾರದ ಹೊಸ ನೀತಿಯಿಂದ ಬಡಾವಣೆಗೆ ಏನು ಲಾಭ, ಎಲ್ಲವೂ ಅದರಲ್ಲಿದೆ. ಆದರೆ ಪುಟ ತಿರುವಿ ತಿರುವಿ ಹುಡುಕಿದರೂ ಕನ್ನಡದ ಒಂದಕ್ಷರ ಸಿಗಲಿಲ್ಲ.

ಹುಡುಗ ಕೇಳಿದ: ‘ಅಣ್ಣಾ, ನಮ್ಮಪ್ಪ ನಲವತ್ತು ವರ್ಷದಿಂದ ಇದೇ ಬೀದಿಯಲ್ಲಿದ್ದು ಓಟು ಹಾಕ್ತಿದ್ದಾರೆ. ಅವರಿಗೆ ಬರೀ ಶುಭಾಶಯ, ಲೆಕ್ಕ ಮಾತ್ರ ಗೇಟಿನೊಳಗಿನವರಿಗೆ. ಇದ್ಯಾವ ನ್ಯಾಯ?’

ಆ ಕ್ಷೇತ್ರದ ಹೆಸರನ್ನು ನಾವು ಬರೆಯುವುದಿಲ್ಲ. ಒಬ್ಬರ ಹೆಸರು ಬರೆದರೆ ಉಳಿದವರು ‘ಅದು ನಾವಲ್ಲ’ ಎಂದು ಜಾರಿಕೊಳ್ಳುತ್ತಾರೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 28 ವಿಧಾನಸಭಾ ಕ್ಷೇತ್ರಗಳಿವೆ. ಒಂದಕ್ಕೆ ಸರ್ವಜ್ಞನ ಹೆಸರು, ಇನ್ನೊಂದಕ್ಕೆ ಇಮ್ಮಡಿ ಪುಲಕೇಶಿಯ ಹೆಸರು. ಹೆಸರಿಡುವಾಗ ಕನ್ನಡ ಬೇಕು, ಓಟು ಕೇಳುವಾಗ ಕನ್ನಡ ಬೇಕು, ಹಬ್ಬಕ್ಕೆ ಹಾರೈಸಲು ಕನ್ನಡ ಬೇಕು. ದುಡ್ಡಿನ ಮಾತು, ಕಾಯಿದೆಯ ಮಾತು ಬಂದಾಗ ಮಾತ್ರ ಕನ್ನಡ ಬೇಡ! ನಿಮ್ಮ ಕ್ಷೇತ್ರದಲ್ಲಿ ಹೀಗಿಲ್ಲವಾದರೆ ಸಂತೋಷ. ಇದ್ದರೆ ಮುಂದೆ ಓದಿ.

ಎಂ.ಎಲ್.ಎ. ಮತದಾರನಿಗೆ ಬರೆಯುವ ಪತ್ರ ದಾನವಲ್ಲ. ಅದು ಬಾಕಿ. ಅಂಗಡಿಯ ಗುಮಾಸ್ತ ಸಂಜೆ ಗಲ್ಲಾ ಮುಚ್ಚುವ ಮುನ್ನ ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಾನಲ್ಲ, ಹಾಗೆ. ಈ ಪದ್ಧತಿ ನಮ್ಮ ನೆಲಕ್ಕೆ ಹೊಸದೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಸಾಮಾನ್ಯ ಜನರಿಗೆ ಓಟಿಲ್ಲದ ಕಾಲ ಅದು. ಸಭೆಗೆ ಬರುತ್ತಿದ್ದವರು ಜಮೀನುದಾರರು, ವರ್ತಕರು. ಆದರೂ ದಿವಾನರು ಎದ್ದು ನಿಂತು ಆ ವರ್ಷದ ಆಡಳಿತದ ವರದಿಯನ್ನು ಅವರ ಮುಂದೆ ಇಡಬೇಕಿತ್ತು. ರಾಜನ ದಿವಾನನೇ ಲೆಕ್ಕ ಕೊಟ್ಟ ನಾಡಿನಲ್ಲಿ, ನಮ್ಮ ಓಟಿನಿಂದ ಕುರ್ಚಿ ಹತ್ತಿದವರು ಫೋಟೋ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಾರೆ.

ಲೆಕ್ಕ ಕೊಡುವವರು ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಕೆಲವರು ವರ್ಷಕ್ಕೊಮ್ಮೆ ‘ಪ್ರಗತಿ ವರದಿ’ ಅಚ್ಚು ಹಾಕಿಸುತ್ತಾರೆ. ಕೆಲವರು ದಿನಾ ಮೊಬೈಲಿಗೆ ಸುದ್ದಿ ಕಳಿಸುತ್ತಾರೆ. ಅದರಲ್ಲಿ ಏನಿರುತ್ತದೆ ನೋಡಿ: ಡಾಂಬರು, ಚರಂಡಿ, ಬೋರ್‌ವೆಲ್, ಉದ್ಘಾಟನೆಯ ಟೇಪು, ಗುದ್ದಲಿ ಪೂಜೆ. ಬೆಂಗಳೂರಿನಲ್ಲಿ ಇದಕ್ಕೊಂದು ಕಾರಣವೂ ಇದೆ. 2015ರಲ್ಲಿ ಆರಿಸಿ ಬಂದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಪಾಲಿಕೆಗೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದಾಗಲೂ ಕಾರ್ಪೊರೇಟರುಗಳ ಕುರ್ಚಿ ಖಾಲಿಯೇ. ಅಷ್ಟೂ ಕಾಲ ಬೀದಿ ದೀಪದಿಂದ ಹಿಡಿದು ಕಸದ ಲಾರಿಯವರೆಗೆ ಎಲ್ಲಕ್ಕೂ ಎಂ.ಎಲ್.ಎ. ಸಾಹೇಬರೇ ದೊರೆ. ಕೆಳಗೆ ಕೇಳುವವರಿಲ್ಲ, ಪಕ್ಕದಲ್ಲಿ ಪಾಲುದಾರರಿಲ್ಲ. ಅವರಿಗಿದು ಅನುಕೂಲವೇ ಆಯಿತು. ಕಾರ್ಪೊರೇಟರ್ ಮಾಡಬೇಕಾದ ಕೆಲಸದ ಪಟ್ಟಿ ತೋರಿಸಿ, ಎಂ.ಎಲ್.ಎ. ಮಾಡಬೇಕಾದ ಕೆಲಸದ ಲೆಕ್ಕವನ್ನು ಮುಚ್ಚಿಟ್ಟರು.

ಸ್ವಾಮೀ, ನಿಮ್ಮನ್ನು ನಾವು ವಿಧಾನಸೌಧಕ್ಕೆ ಕಳಿಸಿದ್ದು ಚರಂಡಿ ಅಳೆಯಲಿಕ್ಕಲ್ಲ. ಕಾಯಿದೆ ಮಾಡಲಿಕ್ಕೆ, ಬಜೆಟ್ ಪರಿಶೀಲಿಸಲಿಕ್ಕೆ, ಮಂತ್ರಿಯನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಲಿಕ್ಕೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನೀವೇ ಕಾಯಿದೆ ಮಾಡಿಕೊಂಡಿರಿ. ಆ ಅರವತ್ತನ್ನು ಮುಟ್ಟದೆ ಹೋದ ವರ್ಷಗಳೇ ಹೆಚ್ಚು. ಸೇರಿದ ದಿನಗಳಲ್ಲಾದರೂ ನೀವು ಎಷ್ಟು ದಿನ ಒಳಗಿದ್ದಿರಿ? ಚುಕ್ಕೆ ಗುರುತಿನ ಪ್ರಶ್ನೆ ಎಷ್ಟು ಕೇಳಿದಿರಿ? ಉತ್ತರ ಏನು ಬಂತು? ಇದು ನಿಮ್ಮ ‘ಪ್ರಗತಿ ವರದಿ’ಯ ಯಾವ ಪುಟದಲ್ಲಿದೆ?

ಎರಡು ಉದಾಹರಣೆ ಕೊಡುತ್ತೇವೆ. ನಿಮ್ಮ ಮನೆಗೆ ಬಂದ ಶಾಸಕರ ಪತ್ರದಲ್ಲಿ ಇವು ಇದ್ದವೇ, ನೆನಪಿಸಿಕೊಳ್ಳಿ.

2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕೈಗಾರಿಕೆ, ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆ. ಸರೋಜಿನಿ ಮಹಿಷಿ ಅವರು 1986ರಲ್ಲಿ ವರದಿ ಕೊಟ್ಟ ದಿನದಿಂದ ಕನ್ನಡದ ಹುಡುಗರು ಕಾದು ಕೂತಿದ್ದ ಮಾತು ಅದು. ಉದ್ಯಮಿಗಳು ಗದ್ದಲ ಎಬ್ಬಿಸಿದರು. ಮುಖ್ಯಮಂತ್ರಿಗಳು ಎಕ್ಸ್‌ನಲ್ಲಿ ಹಾಕಿದ್ದ ಬರಹ ಮಾಯವಾಯಿತು. ಕೆಲವೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಮಸೂದೆ ಸರಿಯೋ ತಪ್ಪೋ, ಕೋರ್ಟಿನಲ್ಲಿ ನಿಲ್ಲುತ್ತಿತ್ತೋ ಬೀಳುತ್ತಿತ್ತೋ, ಆ ಚರ್ಚೆ ಬೇರೆ. ನಾವು ಕೇಳುವುದು ಇಷ್ಟೇ: ಆ ದಿನಗಳಲ್ಲಿ ನಿಮ್ಮ ಶಾಸಕರು ಯಾವ ಕಡೆ ನಿಂತಿದ್ದರು? ಪರವೋ ವಿರೋಧವೋ, ಎರಡು ಸಾಲು ಬರೆದು ತಿಳಿಸಿದರೇ? ಕೆಲಸ ಹುಡುಕುತ್ತ ಚಪ್ಪಲಿ ಸವೆಸುವ ಹುಡುಗನಿಗೆ ಅವನ ಬೀದಿಗೆ ಎಷ್ಟು ಅಡಿ ಕಾಂಕ್ರೀಟು ಬಿತ್ತೆಂಬ ಲೆಕ್ಕ ಬಂತು. ಅವನ ಅನ್ನದ ಮಸೂದೆ ಏನಾಯಿತೆಂಬ ಸುದ್ದಿ ಮಾತ್ರ ಬರಲಿಲ್ಲ.

ಎರಡನೆಯದು. 2025ರ ಮಾರ್ಚ್ ತಿಂಗಳ ಅಧಿವೇಶನದಲ್ಲಿ ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿತು. ಭತ್ಯೆಗಳು ಬೇರೆ. ಸದನದಲ್ಲಿ ಗದ್ದಲವೋ ಗದ್ದಲ, ಕಾಗದದ ಚೂರುಗಳು ಹಾರಾಡುತ್ತಿದ್ದವು. ಆ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಸಂಬಳದ ಮಸೂದೆ ಪಾಸಾಯಿತು! ಬೆಲೆ ಏರಿದೆ, ಸಂಬಳ ಏರಬೇಕು ಎಂದರೆ ನಾವು ಅಡ್ಡ ಬರುವುದಿಲ್ಲ. ಬಡವನ ಮನೆಯ ಮಗನೂ ಶಾಸಕನಾಗಬೇಕಾದರೆ ಸಂಬಳ ಬೇಕೇ ಬೇಕು. ಆದರೆ ಯಜಮಾನನಿಗೆ ಹೇಳದೆ ತನ್ನ ಸಂಬಳವನ್ನು ತಾನೇ ಏರಿಸಿಕೊಂಡ ಗುಮಾಸ್ತನನ್ನು ನಮ್ಮೂರಿನಲ್ಲಿ ಏನೆಂದು ಕರೆಯುತ್ತಾರೆ? ನೀವೇ ಹೇಳಿ.

ಇನ್ನು 2019ನ್ನು ಮರೆಯಲಾದೀತೇ? ಆ ವರ್ಷ ಒಟ್ಟು 17 ಶಾಸಕರು ಅನರ್ಹರಾದರು. ಅವರಲ್ಲಿ ಐವರು ಬೆಂಗಳೂರಿನ ಕ್ಷೇತ್ರಗಳವರು. ಮತದಾರ ತನ್ನ ಶಾಸಕ ಮುಂಬಯಿಯ ಹೋಟೆಲಿನಲ್ಲಿದ್ದಾನೆಂಬ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿ ತಿಳಿದುಕೊಂಡ. ಹುಟ್ಟುಹಬ್ಬಕ್ಕೆ ನೂರು ಫ್ಲೆಕ್ಸ್ ಕಟ್ಟಿಸುವವರಿಗೆ ರಾಜೀನಾಮೆ ಬರೆಯುವ ಮುನ್ನ ಮತದಾರನಿಗೊಂದು ಸಾಲು ಬರೆಯಬೇಕು ಅನ್ನಿಸಿತೇ?

ಭಾಷೆಯ ಮಾತಿಗೆ ಬರೋಣ. ‘ಅಪಾರ್ಟ್‌ಮೆಂಟಿನವರಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ಇಂಗ್ಲಿಷಿನಲ್ಲಿ ಕೊಟ್ಟೆವು’ ಎನ್ನುತ್ತಾರೆ ಶಾಸಕರ ಪಿ.ಎ.ಗಳು. ಕೊಡಿ, ಧಾರಾಳವಾಗಿ ಕೊಡಿ! ಹೊರಗಿನಿಂದ ಬಂದು ಇಲ್ಲಿ ಬದುಕು ಕಟ್ಟಿಕೊಂಡವರೂ ತೆರಿಗೆ ಕಟ್ಟುತ್ತಾರೆ, ಅವರಿಗೂ ಲೆಕ್ಕ ಸಿಗಲಿ. ನಮ್ಮ ಜಗಳ ಅವರ ಮೇಲಲ್ಲ. ಆದರೆ ಕನ್ನಡ 1963ರ ಕಾಯಿದೆಯ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಸೆಕ್ಷನ್, ಸರ್ಕಾರಿ ಕಚೇರಿಗಳು ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಕಚೇರಿಗೆ ಅನ್ವಯಿಸುವ ಈ ಸಣ್ಣ ಮರ್ಯಾದೆ ಶಾಸಕರಿಗೆ ಬೇಡವೇ? ಆ ಗೇಟಿನ ಒಳಗೂ ಕನ್ನಡದ ಮನೆಗಳಿವೆ. ಆ ಗೇಟನ್ನು ಕಾಯುವವನು, ಒಳಗೆ ಪಾತ್ರೆ ತೊಳೆಯುವ ಅಕ್ಕ, ಎದುರಿನ ಆಟೋ ಸ್ಟ್ಯಾಂಡಿನ ಅಣ್ಣ, ಇವರ ಓಟಿಗೂ ಒಳಗಿನವರ ಓಟಿಗೂ ತೂಕ ಒಂದೇ. ಓಟು ಒಂದೇ ತೂಕದ್ದಾದರೆ ಲೆಕ್ಕವೂ ಒಂದೇ ಆಗಿರಬೇಕು.

ಶಾಂತವೇರಿ ಗೋಪಾಲಗೌಡರನ್ನು ನೆನೆಯಿರಿ. ಕಾಗೋಡು ಸತ್ಯಾಗ್ರಹದ ಗೇಣಿದಾರರ ಜೊತೆ ನಿಂತು, 1952ರಲ್ಲಿ ಸಾಗರ ಸೀಮೆಯಿಂದ ಗೆದ್ದು ಬಂದ ಸಮಾಜವಾದಿ. ಸದನದಲ್ಲಿ ಇಂಗ್ಲಿಷ್ ಮೆರೆಯುತ್ತಿದ್ದ ಆ ದಿನಗಳಲ್ಲಿ ಅವರು ಕನ್ನಡದಲ್ಲೇ ಗುಡುಗಿದರು. ಯಾಕೆ? ತನ್ನನ್ನು ಕಳಿಸಿದ ಗೇಣಿದಾರನಿಗೆ ತಾನು ಆಡಿದ್ದು ಅರ್ಥವಾಗಬೇಕು, ಅಷ್ಟೇ. ಅವರ ಪಾಲಿಗೆ ಕನ್ನಡ ರಾಜ್ಯೋತ್ಸವದ ಶಾಲು ಆಗಿರಲಿಲ್ಲ, ಜನರಿಗೆ ಉತ್ತರ ಕೊಡುವ ನಾಲಿಗೆಯಾಗಿತ್ತು. ಇಂದಿನ ಶಾಸಕರು ನವೆಂಬರ್ ಒಂದಕ್ಕೆ ಕೆಂಪು ಹಳದಿ ಶಾಲು ಹೊದ್ದು, ನವೆಂಬರ್ ಎರಡಕ್ಕೆ ಮಡಿಚಿಡುತ್ತಾರೆ.

ಈಗ ಕಹಿ ಮಾತು. ಇದು ನಮ್ಮ ಮೇಲೆಯೇ.

ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವವರು ಯಾರು? 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷೇಧವಾಯಿತು. ಆಮೇಲೂ ರಾತ್ರೋರಾತ್ರಿ ಕಂಬ ಹತ್ತಿ ಕಟ್ಟುವವರು ನಮ್ಮ ಹುಡುಗರೇ. ಬೈಕಿನ ಪೆಟ್ರೋಲಿಗೆ, ಒಂದು ಪೊಟ್ಟಣ ಬಿರಿಯಾನಿಗೆ, ‘ಅಣ್ಣ ನನ್ನ ಹೆಸರು ಹಿಡಿದು ಕರೆದರು’ ಎಂಬ ಹಿಗ್ಗಿಗೆ. ಅಷ್ಟೇ ಅಲ್ಲ. ಬಡಾವಣೆ ಬಡಾವಣೆಯಲ್ಲಿ ನಮ್ಮ ಸಂಘಟನೆಗಳು ರಾಜ್ಯೋತ್ಸವ ಮಾಡುತ್ತವೆ. ಪೆಂಡಾಲು, ಆರ್ಕೆಸ್ಟ್ರಾ, ಅನ್ನಸಂತರ್ಪಣೆ. ಚಂದಾ ಎಲ್ಲಿಂದ? ಶಾಸಕರ ಮನೆಯಿಂದ! ಕವರು ಇಸಕೊಂಡ ಕೈ ಮರುದಿನ ಅರ್ಜಿ ಹಿಡಿದು ಪ್ರಶ್ನೆ ಕೇಳೀತೇ? ತಾಯಿ ಭುವನೇಶ್ವರಿಯ ಪಕ್ಕದಲ್ಲಿ ಶಾಸಕರ ಫೋಟೋ, ತಾಯಿಗಿಂತ ದೊಡ್ಡದಾಗಿ! ಇದನ್ನು ನೋಡಿಯೂ ಸುಮ್ಮನಿದ್ದೇವೆ. ಅವರು ನಮ್ಮ ಕನ್ನಡವನ್ನು ಹಾರೈಕೆಗೆ ಇಳಿಸಿದರು ನಿಜ. ಆ ಹಾರೈಕೆಗೆ ಕೈ ಚಾಚಿದವರು ನಾವು. ಈ ಪತ್ರಿಕೆಯನ್ನು ಹಂಚುವ ಗೆಳೆಯರಿಗೂ ಈ ಮಾತು ಅನ್ವಯಿಸುತ್ತದೆ. ಸಿಟ್ಟು ಬಂದರೆ ಬರಲಿ.

ಹಾಗಾದರೆ ಮಾಡಬೇಕಾದ್ದೇನು? ಬಸ್ಸಿಗೆ ಕಲ್ಲು ಹೊಡೆಯುವುದಲ್ಲ, ಬೋರ್ಡಿಗೆ ಮಸಿ ಬಳಿಯುವುದೂ ಅಲ್ಲ. ಒಂದು ಅಂಚೆ ಕಾರ್ಡು ಸಾಕು. ನಿಮ್ಮ ಕ್ಷೇತ್ರದ ಶಾಸಕರಿಗೆ ಕನ್ನಡದಲ್ಲಿ ಬರೆಯಿರಿ. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸರ್ಕಾರಕ್ಕೆ ಅಹವಾಲು ಕೊಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಶಾಸಕರಿಗೆ ಬರೆಯಲು ಅಂಜಿಕೆ ಯಾಕೆ?

ಐದೇ ಪ್ರಶ್ನೆ ಕೇಳಿ.

ಒಂದು: ಈ ವರ್ಷ ಸದನ ಎಷ್ಟು ದಿನ ನಡೆಯಿತು, ನೀವು ಎಷ್ಟು ದಿನ ಹೋದಿರಿ?

ಎರಡು: ನಮ್ಮ ಕ್ಷೇತ್ರದ ಬಗ್ಗೆ, ನಮ್ಮ ಉದ್ಯೋಗದ ಬಗ್ಗೆ ಯಾವ ಪ್ರಶ್ನೆ ಕೇಳಿದಿರಿ, ಮಂತ್ರಿ ಏನು ಉತ್ತರ ಕೊಟ್ಟರು?

ಮೂರು: ಯಾವ ಮಸೂದೆಯ ಚರ್ಚೆಯಲ್ಲಿ ಮಾತಾಡಿದಿರಿ, ಏನು ಹೇಳಿದಿರಿ? ಪಕ್ಷದ ವಿಪ್ ಓಟನ್ನು ಕಟ್ಟಿಹಾಕಬಹುದು. ಬಾಯನ್ನೂ ಕಟ್ಟಿತ್ತೇ?

ನಾಲ್ಕು: ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಯಾವ ಯಾವ ಕೆಲಸಕ್ಕೆ ಶಿಫಾರಸು ಮಾಡಿದಿರಿ, ಅದರಲ್ಲಿ ಎಷ್ಟು ಮುಗಿಯಿತು?

ಐದು: ಈ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಅಪಾರ್ಟ್‌ಮೆಂಟಿಗೂ ಹಟ್ಟಿಗೂ ಒಂದೇ ದಿನ ಯಾವಾಗ ಹಂಚುತ್ತೀರಿ?

ಉತ್ತರ ಬಂದರೆ ಅದರ ಪ್ರತಿಯನ್ನು ನಮಗೆ ಕಳಿಸಿ, ಹೊಗಳಿ ಅಚ್ಚು ಹಾಕುತ್ತೇವೆ. ಒಳ್ಳೆಯ ಲೆಕ್ಕ ಕೊಟ್ಟವರು ಯಾವ ಪಕ್ಷದವರಾದರೇನು? ಉತ್ತರ ಬರದಿದ್ದರೆ ಅದನ್ನೂ ತಿಳಿಸಿ. ಕಾರ್ಡು ಹಾಕಿದ ತಾರೀಖು ಬರೆದು, ಅದರ ಮುಂದೆ ಖಾಲಿ ಜಾಗ ಬಿಟ್ಟು ಅಚ್ಚು ಹಾಕುತ್ತೇವೆ. ಆ ಖಾಲಿ ಜಾಗವನ್ನು ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬಂದವರಿಗೆ ತೋರಿಸಿ.

ಹುಡುಗ ತಂದ ಆ ಎರಡು ಕಾಗದ ಇನ್ನೂ ನಮ್ಮ ಮೇಜಿನ ಮೇಲಿವೆ. ಒಂದರಲ್ಲಿ ಕನ್ನಡವಿದೆ, ಲೆಕ್ಕವಿಲ್ಲ. ಇನ್ನೊಂದರಲ್ಲಿ ಲೆಕ್ಕವಿದೆ, ಕನ್ನಡವಿಲ್ಲ. ಎರಡೂ ಒಂದೇ ಕಾಗದದಲ್ಲಿ ಬರುವ ತನಕ ಕಾರ್ಡು ಬರೆಯುವುದನ್ನು ನಿಲ್ಲಿಸಬೇಡಿ.

ಹಾರೈಕೆ ಸಾಕು. ಲೆಕ್ಕ ಕೊಡಿ. ಕನ್ನಡದಲ್ಲಿ ಕೊಡಿ!